ವಿವರಣೆ ಬರೆಸುತ್ತಿದ್ದ ಡಾಕ್ಟರ್‌ಬಾಯಿ

ಯಾರಾದರೂ ದಾರದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದರೆ ನನ್ನ ಕೈ ಇಂದಿಗೂ ತಣ್ಣಗಾಗುತ್ತದೆ. ಮನೆಯಲ್ಲಿ ಇದು ಎಲ್ಲರಿಗೂ ಗೊತ್ತು. ಹೆಂಡತಿ ಅಂಗಿಗೆ ಗುಂಡಿ ಹೊಲಿಯುವಾಗ ನಾನು ಎದುರಿಗಿದ್ದರೆ ಎದ್ದು ಹೋಗಿ ಕತ್ತರಿ ತರುತ್ತಾಳೆ. ಹೋದ ವಾರ ಚಿತ್ತಾಪುರದಿಂದ ಸೇಡಂಗೆ ಬಂದ ನೆಂಟರೊಬ್ಬರು ಚಹಾ ಕುಡಿಯುತ್ತ, “ನಿಮ್ಮ ಹಲ್ಲಿನ ಡಾಕ್ಟರ್‌ಬಾಯಿ ತೀರಿಕೊಂಡ್ರಲ್ರೀ, ಗೊತ್ತಾಗಲಿಲ್ಲೇನು?” ಅಂದರು. ಗೊತ್ತಾಗಿರಲಿಲ್ಲ. ಅಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು.

ಅವರ ಜೀವನಚರಿತ್ರೆ ನನಗೆ ಗೊತ್ತಿಲ್ಲ. ಚಿತ್ತಾಪುರದ ಹಳೆಯ ಮುಸಲ್ಮಾನರ ಮನೆತನ, ಹೈದರಾಬಾದಿನಲ್ಲಿ ಓದಿದ್ದು, ಮದುವೆಯಾಗಿರಲಿಲ್ಲ. ಇಷ್ಟು ಎಲ್ಲರಿಗೂ ಗೊತ್ತಿದ್ದದ್ದು. ನಾನು ಬರೆಯುವುದು ಅವರ ಪಕ್ಕದ ಮೇಜಿನಲ್ಲಿ ಕುಳಿತು ಕಣ್ಣಾರೆ ಕಂಡದ್ದನ್ನು ಮಾತ್ರ.

ನಾನು ಶಹಾಬಾದಿನ ವಿಮಾ ದವಾಖಾನೆಯಲ್ಲಿ ಗುಮಾಸ್ತನಾಗಿದ್ದೆ. ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿದ್ದರೂ ದವಾಖಾನೆಯ ಮೊಹರಿನಲ್ಲಿ ಇನ್ನೂ ಮೈಸೂರು ರಾಜ್ಯವೇ ಇದ್ದ ಕಾಲ. ಸುತ್ತಲಿನ ಒಂದು ಕಾರ್ಖಾನೆಗೂ ಅದಕ್ಕೆ ಸುಣ್ಣದ ಕಲ್ಲು ಒದಗಿಸುವ ರಾವೂರ ಕಡೆಯ ಖಣಿಗೂ ಸೇರಿದ ಕಾರ್ಮಿಕರಿಗೆ ವಿಮೆ ಇತ್ತು. ಹಲ್ಲು ಕೀಳುವುದಾದರೆ ದವಾಖಾನೆಯಲ್ಲೇ ಕೀಳಬಹುದು. ಆದರೆ ಹೊಸ ಹಲ್ಲು ಕಟ್ಟಬೇಕಾದರೆ, ಮುರಿದ ಹಲ್ಲಿಗೆ ಲೋಹದ ಕವಚ ಹಾಕಬೇಕಾದರೆ, ಮೇಲಿನ ಕಚೇರಿಯ ಮಂಜೂರಾತಿ ಬೇಕು. ಅದಕ್ಕೊಂದು ಅರ್ಜಿ. ಅರ್ಜಿಯಲ್ಲಿ ‘ಕಾರಣ’ ಬರೆಯಲು ಅಂಗೈ ಅಗಲದ ಜಾಗವೂ ಇರಲಿಲ್ಲ. ಅವರಿಗಿಂತ ಮೊದಲಿದ್ದ ಡಾಕ್ಟರು ಅಲ್ಲಿ ‘ಹಲ್ಲಿಲ್ಲ’ ಎಂದು ಬರೆದು ಕಳಿಸುತ್ತಿದ್ದರು. ‘ಅಂದಕ್ಕಾಗಿ ಹಲ್ಲು ಕಟ್ಟಿಸುವುದು ವಿಮೆಗೆ ಒಳಪಡುವುದಿಲ್ಲ’ ಎಂದು ಅದು ತಿರುಗಿ ಬರುತ್ತಿತ್ತು. ಇಬ್ಬರಿಗೂ ಬೇಸರವಿರಲಿಲ್ಲ.

ಡಾಕ್ಟರ್‌ಬಾಯಿ ಬಂದ ಮೇಲೆ ಅರ್ಜಿಯ ಜೊತೆ ಬೇರೆ ಹಾಳೆ ಹಚ್ಚುವುದು ಶುರುವಾಯಿತು. ಅದಕ್ಕೆ ಅವರು ‘ವಿವರಣೆ’ ಅನ್ನುತ್ತಿದ್ದರು. ದಿನಾ ಬೆಳಿಗ್ಗೆ ಚಿತ್ತಾಪುರದಿಂದ ರೈಲು ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ ಬರುತ್ತಿದ್ದರು. ನೂಲಿನ ಸೀರೆ, ತಲೆಯ ಮೇಲೆ ಸೆರಗು, ಅದರ ಮೇಲೆ ಬಿಳಿ ಕೋಟು. ಎತ್ತರ ಕಡಿಮೆ. ಗಟ್ಟಿ ದವಡೆಯ ಹಲ್ಲು ಕೀಳುವಾಗ ಒಂದು ಮರದ ಮಣೆಯ ಮೇಲೆ ನಿಲ್ಲುತ್ತಿದ್ದರು. ಮಣೆ ಎಳೆದ ಸದ್ದು ಕೇಳಿದರೆ ಹೊರಗೆ ಕುಳಿತವರಲ್ಲಿ ಒಬ್ಬಿಬ್ಬರು ಎದ್ದು ಮನೆಗೆ ಹೋಗುವುದಿತ್ತು.

ಮೊದಮೊದಲು ಖಣಿಯ ಗಂಡಸರು ಹೆಣ್ಣುಮಗಳ ಮುಂದೆ ಬಾಯಿ ತೆರೆಯಲು ಒಪ್ಪಲಿಲ್ಲ. ಟವೆಲಿನಿಂದ ಬಾಯಿ ಮುಚ್ಚಿಕೊಂಡೇ ಕೂಡುತ್ತಿದ್ದರು.

“ತಂಬಾಕ ತಿಂದ ಬಾಯಿ ಅದರಿ ಬಾಯಾರ, ನಿಮ್ಮ ಮುಂದ ಹ್ಯಾಂಗ ತೆಗೀಲಿ?”

“ನಿಮ್ಮ ಮನ್ಯಾಗ ಹೆಂಡತಿ ಮುಂದ ತೆಗೀತೀರಿಲ್ಲೋ?”

“ಅಕಿ ಮುಂದ ತೆಗಿಲಿಕ್ಕ ಅಕಿ ಎಲ್ಲಿ ಬಿಡ್ತಾಳ್ರೀ?”

ಹೊರಗಿದ್ದವರು ನಕ್ಕರೆ, ಆ ನಗುವಿನಲ್ಲೇ ಟವೆಲು ಜಾರಿ, ಅವರ ಪುಟ್ಟ ಕನ್ನಡಿ ಒಳಗೆ ಹೋಗಿರುತ್ತಿತ್ತು.

ವಿವರಣೆಯನ್ನು ಅವರು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡುತ್ತಿದ್ದೆ. ಮೊದಲ ಸಲ ನಾನು ‘ಈ ಬಡ ಕಾರ್ಮಿಕನು ತುಂಬಾ ನೋವನ್ನು ಅನುಭವಿಸುತ್ತಿದ್ದಾನೆ’ ಎಂದು ಬರೆದಿದ್ದೆ. ಓದಿ, ಹಾಳೆಯನ್ನು ನನ್ನ ಮುಂದೆ ಇಟ್ಟರು.

“ಗುಮಾಸ್ತರೇ, ಆ ಕಚೇರಿಯೊಳಗ ನೋವಿಗಿ ಕುರ್ಚಿ ಇಲ್ಲ. ಬಡತನಕ್ಕಂತೂ ಬಾಗಲಾನೇ ಇಲ್ಲ. ಈ ಮನುಷ್ಯಾಗ ಏನು ಮಾಡ್ಲಿಕ್ಕ ಆಗವಲ್ದು, ಅದಷ್ಟ ಬರೀರಿ.”

ದವಡೆಯ ಹಲ್ಲುಗಳೆಲ್ಲ ಹೋಗಿದ್ದ ಒಬ್ಬ ಹಮಾಲಿಯ ಅರ್ಜಿ, ‘ರೋಗಿಯು ಮೃದು ಆಹಾರ ಸೇವಿಸಬಹುದು’ ಎಂಬ ಷರಾದೊಂದಿಗೆ ವಾಪಸು ಬಂತು. ಅವರು ಸಿಟ್ಟಾಗಲಿಲ್ಲ. ಮರುದಿನ ಮನೆಯಿಂದ ಒಂದು ಕಡಕ್ ಜೋಳದ ರೊಟ್ಟಿ ತಂದು, ಅದರ ತುಂಡನ್ನು ಲಕೋಟೆಗೆ ಹಾಕಿ ವಿವರಣೆಯ ಜೊತೆ ಸೇರಿಸಿದರು. ‘ಈ ಭಾಗದ ಊಟ ಇದು. ಒಸಡಿನಿಂದ ಅಗಿದು ನೋಡಿ ತೀರ್ಮಾನಿಸಬೇಕಾಗಿ ವಿನಂತಿ’ ಎಂದು ಬರೆಸಿದರು. ಮಂಜೂರಾತಿ ಬಂತು. ರೊಟ್ಟಿ ವಾಪಸು ಬರಲಿಲ್ಲ.

ಇಂಥ ಕತೆಗಳನ್ನು ಹೇಳಿ ನಗಿಸುವವರು ಶಹಾಬಾದಿನಲ್ಲಿ ಇನ್ನೂ ಸಿಗುತ್ತಾರೆ. ನಾನು ಹೇಳಬೇಕಾದದ್ದು ಭೀಮಶಾ ಬಂದ ಮೇಲಿನದು.

ಭೀಮಶಾ ರಾವೂರ ಕಡೆಯ ಆ ಖಣಿಯಲ್ಲಿ ಸುರಂಗ ಹಾರಿಸುವವನು. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಸಿಡಿಸುವ ಕೆಲಸ. ಅವನ ಮೇಲಿನ ಕೋರೆಹಲ್ಲು ಉದ್ದಕ್ಕೆ ಸೀಳಿತ್ತು. ರೊಟ್ಟಿಯಲ್ಲಿ ಕಲ್ಲು ಸಿಕ್ಕಿತ್ತು ಎಂದ. ಡಾಕ್ಟರ್‌ಬಾಯಿ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಕಲ್ಲು ಗುಂಡಗ ಇತ್ತೇನಪಾ? ಕೋಲಿನಂಗ?”

ಅವನು ಟವೆಲನ್ನು ಬಾಯಿಗೆ ಅಡ್ಡ ಹಿಡಿದ. ಅವರು ಒತ್ತಾಯಿಸಲಿಲ್ಲ. ಹಲ್ಲು ಸೀಳಿದೆ, ಕವಚ ಬೇಕು ಎಂದಷ್ಟೇ ಬರೆಸಿ ಕಳಿಸಿದರು. ‘ಸಹಜ ಸವೆತ. ಕೆಲಸಕ್ಕೂ ಇದಕ್ಕೂ ಸಂಬಂಧವೇನೆಂದು ವಿವರಣೆ ಲಗತ್ತಿಸಿ’ ಎಂದು ಅರ್ಜಿ ತಿರುಗಿ ಬಂತು. ಅವನನ್ನು ಮತ್ತೆ ಕರೆಸಿದರು. ಈ ಸಲ ಬಾಗಿಲು ಮುಂದೆ ಮಾಡಿ, ನನ್ನನ್ನು ಅಲ್ಲೇ ಕೂಡಿಸಿಕೊಂಡು ಕೇಳಿದರು.

“ಸವದಿದ್ದಲ್ಲ ಇದು. ಕಚ್ಚು ಬಿದ್ದದ. ನುಣ್ಣಗ, ಗುಂಡಗ. ಏನು ಕಚ್ಚತಿ ಹೇಳು.”

ಭೀಮಶಾ ಟವೆಲನ್ನು ಹಿಂಡುತ್ತ ಕುಳಿತ. ಆಮೇಲೆ ಹೇಳಿದ: “ಟೋಪಿ ಕಚ್ಚತೀವ್ರಿ.”

ಟೋಪಿ ಅಂದರೆ ಸಿಡಿಯುವ ಕ್ಯಾಪು. ಕಿರುಬೆರಳಿಗಿಂತ ತೆಳ್ಳಗಿನ ಲೋಹದ ನಳಿಗೆ, ಒಂದು ತುದಿ ಮುಚ್ಚಿದ್ದು, ಅದರ ತಳದಲ್ಲಿ ಸಿಡಿಮದ್ದು. ತೆರೆದ ತುದಿಯೊಳಗೆ ಬತ್ತಿ ಸೇರಿಸಿ, ಅದು ಕಳಚದ ಹಾಗೆ ನಳಿಗೆಯ ಬಾಯನ್ನು ಅಮುಕಬೇಕು. ಅದಕ್ಕೊಂದು ಇಕ್ಕಳ ಇರುತ್ತದೆ, ಅವರ ಮಾತಿನಲ್ಲಿ ಪಕ್ಕಡ. ಖಣಿಯಲ್ಲಿ ಪಕ್ಕಡ ಒಂದಿತ್ತಂತೆ, ಯಾವಾಗಲೋ ಕಳೆದಿತ್ತಂತೆ. ಅಂದಿನಿಂದ ಹಲ್ಲಿನಲ್ಲೇ ಅಮುಕುತ್ತಿದ್ದರು. ಕಚ್ಚು ಒಂದು ಜೋಳದ ಕಾಳಿನಷ್ಟು ಕೆಳಗೆ ಬಿದ್ದರೆ ಏನಾಗುತ್ತದೆ ಎಂದು ನಾನೇ ಕೇಳಿದೆ. ಭೀಮಶಾ ನನ್ನ ಕಡೆ ತಿರುಗಿ, ತನ್ನ ಮುಖದ ಮೇಲೆ ಅಂಗೈ ಆಡಿಸಿ, ಮಗುವಿಗೆ ಹೇಳುವ ಹಾಗೆ ಹೇಳಿದ: “ಮಾರಿ ಇರಂಗಿಲ್ರಿ ಸಾಹೇಬ್ರ.”

ಕೂಡಲೇ ಡಾಕ್ಟರ್‌ಬಾಯಿಯ ಕಾಲಿಗೆ ಬಗ್ಗಿದ. “ಇದನ್ನ ಬರೀಬ್ಯಾಡ್ರಿ ಬಾಯಾರ. ಹಲ್ಲಿಲೆ ಕಚ್ಚಬಾರದು ಅಂತ ಬೋರ್ಡ ಬರ್ದು ನಿಲ್ಲಿಸ್ಯಾರ. ಕಚ್ಚೀನಿ ಅಂದ್ರ ಕೆಲಸದಿಂದ ತೆಗೀತಾರ. ಹಲ್ಲು ಹೋದ್ರ ಹೋಗ್ಲಿ.”

ಅವನ ಸಂಕಟ ಸರಿಯಾಗಿಯೇ ಇತ್ತು. ನಿಜ ಬರೆದರೆ ನಿಯಮ ಮುರಿದವನು. ಬರೆಯದಿದ್ದರೆ ಸಹಜ ಸವೆತ. ಎರಡರಲ್ಲೂ ಹಲ್ಲು ಸಿಗುವುದಿಲ್ಲ, ಒಂದರಲ್ಲಿ ಕೆಲಸವೂ ಹೋಗುತ್ತದೆ. ನಾನಾಗಿದ್ದರೆ ಆ ಅರ್ಜಿಯನ್ನು ಅಲ್ಲಿಗೆ ಬಿಡುತ್ತಿದ್ದೆ. ಅವರು ಅವನನ್ನು ಎಬ್ಬಿಸಿ ನಿಲ್ಲಿಸಿ, “ನಿನ್ನ ಒಬ್ಬನ ಬಗ್ಗೆ ಬರಿಯೂದಿಲ್ಲ, ಹೋಗು” ಅಂದರು. ಆ ಮಾತಿನ ಅರ್ಥ ನನಗೆ ಆಮೇಲೆ ತಿಳಿಯಿತು.

ಅದೇ ವಾರ, ರಜೆ ಹಾಕಿ, ನನ್ನನ್ನೂ ಕರೆದುಕೊಂಡು ಖಣಿಗೆ ಹೋದರು. ಕಾರ್ಮಿಕರ ಹಲ್ಲು ತಪಾಸಣೆ ಎಂದು ಮುಕ್ಕಾದಮನಿಗೆ ಹೇಳಿದರು. ಖಣಿಯ ಕೆಲಸವನ್ನೆಲ್ಲ ನಡೆಸುವವನು ಅವನು. ನಗುತ್ತ ಒಳಗೆ ಬಿಟ್ಟ.

ಸುರಂಗದವರು ಒಂದು ಬೇವಿನ ಗಿಡದ ನೆರಳಿಗೆ ಕುಳಿತಿದ್ದರು. ಒಟ್ಟು ಆರು ಮಂದಿ. ಅವರಲ್ಲಿ ಹಿರಿಯರು ಖಾಜಾಸಾಬರು, ಬಿಳಿ ಗಡ್ಡ, ಅಗಲವಾದ ಕೈ. ಉಳಿದವರಿಗೆಲ್ಲ ಕೆಲಸ ಕಲಿಸಿದವರು. ಅವರ ಮುಂದೆ ಒಂದು ಡಬ್ಬಿಯಲ್ಲಿ ನಳಿಗೆಗಳು, ಪಕ್ಕದಲ್ಲಿ ಬತ್ತಿಯ ಸುರುಳಿ. ಒಂದು ನಳಿಗೆ ತೆಗೆದುಕೊಂಡು, ಬತ್ತಿ ತೂರಿಸಿ, ಬಾಯಿಯ ಮೂಲೆಗಿಟ್ಟು ಕಚ್ಚಿದರು. ಸಣ್ಣದೊಂದು ಸದ್ದು, ಕಡಲೆ ಮುರಿದ ಹಾಗೆ. ಅದನ್ನು ಪಕ್ಕಕ್ಕಿಟ್ಟರು. ಭೀಮಶಾನಿಗೆ ಏನೋ ಚೇಷ್ಟೆ ಮಾಡಿದರು, ನಕ್ಕರು, ಇನ್ನೊಂದು ನಳಿಗೆ ಬಾಯಿಗಿಟ್ಟರು.

ನನ್ನ ಬಾಯಿಂದ ಕೂಗು ಹೊರಡುವುದರಲ್ಲಿತ್ತು. ಡಾಕ್ಟರ್‌ಬಾಯಿ ನನ್ನ ಮುಂಗೈ ಹಿಡಿದು ಒತ್ತಿದರು. ಅವರೂ ನಿಂತಲ್ಲಿಂದ ಕದಲಲಿಲ್ಲ. ಖಾಜಾಸಾಬರು ಆ ನಳಿಗೆಯನ್ನು ಕಚ್ಚಿ, ತೆಗೆದು, ನೆಲಕ್ಕಿಟ್ಟ ಮೇಲೆಯೇ ಡಾಕ್ಟರ್‌ಬಾಯಿ ನನ್ನ ಕೈ ಬಿಟ್ಟು, ಕಿವಿಯ ಬಳಿ ಹೇಳಿದರು: “ಬಾಯಾಗ ಇದ್ದಾಗ ಯಾರೂ ಕೂಗಬಾರದು. ಬೆದರಿದ್ರ ಹಲ್ಲು ಜಾರತದ.” ಅವರ ಧ್ವನಿ ಒಂದಿಷ್ಟೂ ಏರಿರಲಿಲ್ಲ.

ಆಮೇಲೆ ಹತ್ತಿರ ಹೋಗಿ, ಡಬ್ಬಿಯನ್ನು ದೂರ ಇಡಿಸಿ, ಬಿಸಿಲಿಗೆ ಮುಖ ಮಾಡಿ ಕೂಡಿಸಿ, ಆರೂ ಜನರ ಬಾಯಿ ನೋಡಿದರು. ಆರರಲ್ಲೂ ಅದೇ ಗುಂಡನೆಯ ಕಚ್ಚು. ಐವರಿಗೆ ಬಲಗಡೆ. ಎಡಚನಾದ ಒಬ್ಬನಿಗೆ ಎಡಗಡೆ. ಒಂದು ಖಾಲಿ ನಳಿಗೆ ಕೇಳಿ ಪಡೆದು ಒಬ್ಬೊಬ್ಬರ ಕಚ್ಚಿನಲ್ಲೂ ಇಟ್ಟು ನೋಡಿದರು. ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತು.

“ಪಕ್ಕಡ ಯಾಕ ಕೇಳಂಗಿಲ್ಲ ನೀವು?”

ಖಾಜಾಸಾಬರು ಗಡ್ಡ ನೀವಿಕೊಂಡರು. “ಕೇಳೀವಿ ಬೇಟಿ. ನಿಮ್ಮ ಹಲ್ಲು ಗಟ್ಟಿ ಅದಾವಲ್ಲ ಅಂದ್ರು. ಖರೇನೂ ಅದ. ಪಕ್ಕಡಕ್ಕ ಏನು ತಿಳೀತದ? ಹೆಚ್ಚಾಯ್ತೋ ಕಡಿಮಾಯ್ತೋ, ಹಲ್ಲು ನನಗ ಹೇಳತದ. ಹಲ್ಲಿಲೆ ಕಟ್ಟಿದ ಟೋಪಿ ನಂದು ಒಂದೂ ಹುಸಿ ಹೋಗಿಲ್ಲ.”

ಉಳಿದವರು ತಲೆಯಾಡಿಸಿದರು. ಭಯಕ್ಕಿಂತ ದೊಡ್ಡ ಅಡ್ಡಿ ಇದು ಎಂದು ನನಗೆ ಆಗ ಅನ್ನಿಸಿತು. ಅದು ಅವರ ಹುಷಾರಿ, ಅವರ ಮಾನ. ಆರೂ ಜನ ಒಟ್ಟಿಗೆ ಅರ್ಜಿ ಹಾಕಿದರೆ ವಿವರಣೆಗೆ ಬಲ ಬರುತ್ತದೆ ಎಂದು ಡಾಕ್ಟರ್‌ಬಾಯಿ ಬಿಡಿಸಿ ಹೇಳಿದರು: “ಒಬ್ಬನ ಹಲ್ಲಾಗ ಕಚ್ಚು ಇದ್ರ ಅದು ಅವನ ಚಟ ಅಂತಾರ. ಎಲ್ಲಾರ ಹಲ್ಲಾಗೂ ಇದ್ರ ಆ ಹಲ್ಲೇ ಖಣಿಯ ಹತಾರ, ಪಕ್ಕಡ ಇದ್ದಂಗ. ಚಟ ಇದ್ದವನ್ನ ತೆಗೀತಾರ. ಆರೂ ಮಂದೀನ ತೆಗದ್ರ ನಾಳೆ ಬಂಡೆ ಯಾರು ಒಡೀತಾರ?” ಐವರೂ ಖಾಜಾಸಾಬರ ಮುಖ ನೋಡಿದರು. ಅವರು ಒಪ್ಪಲಿಲ್ಲ. “ನನ್ನ ಹಲ್ಲಿಗಿ ಏನೂ ಆಗಿಲ್ಲ” ಅಂದರು.

“ಬರೂ ಸಂತಿ ದಿನ ಶಹಾಬಾದಿಗಿ ಬರ್ರಿ ಚಾಚಾ. ಆಗಿಲ್ಲ ಅಂತ ನಾನೇ ಬರ್ದು ಕೊಡ್ತೀನಿ.”

ಬಂದರು. ಜೊತೆಗೆ ಭೀಮಶಾನೂ ಬಂದ. ಡಾಕ್ಟರ್‌ಬಾಯಿ ಸೋಡಾ ಅಂಗಡಿಯಿಂದ ಒಂದು ತುಂಡು ಬರ್ಫ ತರಿಸಿ, ಚೂರು ಮಾಡಿ, ಖಾಜಾಸಾಬರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಕಚ್ಚಿಲ್ಲದ ಒಂದು ಹಲ್ಲಿಗೆ ಬರ್ಫ ತಾಗಿಸಿದರು. “ಯಾ ಅಲ್ಲಾ!” ಎಂದು ಕುರ್ಚಿಯಲ್ಲೇ ಹಾರಿದರು. ಆಮೇಲೆ ಅವರು ಭರವಸೆ ಇಟ್ಟಿದ್ದ ಆ ಹಲ್ಲಿಗೆ ತಾಗಿಸಿ ಹಿಡಿದರು. ಬರ್ಫ ಕರಗಿ ಗಡ್ಡಕ್ಕೆ ಇಳಿಯಿತು.

ಖಾಜಾಸಾಬರು ಅರೆ ತೆರೆದ ಬಾಯಲ್ಲೇ ಕೇಳಿದರು: “ಇಡ್ತೀಯೇನು ಬೇಟಿ?”

“ಇಟ್ಟು ಆಗಲೇ ಹೊತ್ತಾಯ್ತು ಚಾಚಾ.”

ಕಣ್ಣು ತೆರೆದು, ಅವರ ಕೈಯಲ್ಲಿದ್ದ ಬರ್ಫ ನೋಡಿದರು. ಗಡ್ಡ ಮುಟ್ಟಿ ಒದ್ದೆಯನ್ನು ನೋಡಿಕೊಂಡರು. ಡಾಕ್ಟರ್‌ಬಾಯಿ ಅಲ್ಲಿಗೆ ಗೆದ್ದ ಹಾಗೆ ಸುಮ್ಮನಾಗಬಹುದಿತ್ತು. ಆಗಲಿಲ್ಲ. “ಒತ್ತಿದ್ದು ಇನ್ನೂ ಗೊತ್ತಾಗತದ ನಿಮಗ, ಅದು ಹಲ್ಲಿನ ಬುಡದ್ದು. ಆದ್ರ ಒಳಗಿನ ನರ ಸತ್ತು ಭಾಳ ದಿನ ಆಗ್ಯದ. ನಾಳೆ ಹಲ್ಲು ಸೀಳಿದ್ರ ಮೊದಲ ನಿಮಗ ಹೇಳಂಗಿಲ್ಲ. ಅರ್ಧಾ ಕಿವುಡ ಸಾಕ್ಷಿ ಅದು” ಅಂದರು. ಅರ್ಧ ಸತ್ಯ ಹೇಳಿ ಕೆಲಸ ಮಾಡಿಸಿಕೊಳ್ಳುವುದು ಅವರಿಗೆ ಬರುತ್ತಿರಲಿಲ್ಲ.

ಖಾಜಾಸಾಬರು ಭೀಮಶಾನ ಕಡೆ ನೋಡಿ, “ಈ ಕೆಲಸ ನಿನಗ ನಾನೇ ಕಲಿಸೀನಲ್ಲಾ” ಅಂದರು. ಆಮೇಲೆ ನನಗೆ: “ಬರ್ಕೋರಿ ಸಾಹೇಬ್ರ. ನನ್ನ ಹೆಸರ ಮೊದಲ ಬರೀರಿ.”

ಆ ವಿವರಣೆಯನ್ನು ಬರೆಯಲು ನಮಗೆ ಮೂರು ಸಂಜೆ ಹಿಡಿಯಿತು. ನಾನು ‘ಆಡಳಿತದ ಅಕ್ಷಮ್ಯ ನಿರ್ಲಕ್ಷ್ಯ’ ಎಂದು ಬರೆದಿದ್ದೆ. ಹೊಡೆದು ಹಾಕಿದರು. “ನಿರ್ಲಕ್ಷ್ಯ ನಾನು ನೋಡಿಲ್ಲ. ಪಕ್ಕಡ ಇಲ್ಲದ್ದು ನೋಡೀನಿ.” ಕಚ್ಚು ಎಲ್ಲಿದೆ, ಎಷ್ಟು ಆಳ, ನಳಿಗೆ ಹೇಗೆ ಕೂಡುತ್ತದೆ, ಎಡಚನಿಗೆ ಯಾಕೆ ಎಡಗಡೆ, ಹಲ್ಲಿನಲ್ಲಿ ಕಚ್ಚಬಾರದೆಂಬ ಬೋರ್ಡು ಎಲ್ಲಿ ನಿಂತಿದೆ, ಅದರ ಕೆಳಗೆ ಕಚ್ಚದೆ ಕೆಲಸ ಮಾಡುವ ಸಾಧನ ಯಾವುದೂ ಇರಲಿಲ್ಲ ಎಂಬುದು, ಇಷ್ಟೇ. ಒಂದೇ ಒಂದು ವಿಶೇಷಣವಿಲ್ಲದ ಒಂದೂವರೆ ಪುಟ.

ಕಳಿಸುವ ಮೊದಲೇ ಸುದ್ದಿ ಹಬ್ಬಿ ಮುಕ್ಕಾದಮ ದವಾಖಾನೆಗೆ ಬಂದ. ನಗು ಇರಲಿಲ್ಲ.

“ಬಾಯಾರ, ಹಲ್ಲಿನ ಡಾಕ್ಟರು ನೀವು. ಹಲ್ಲಿಂದಷ್ಟ ನೋಡ್ರಿ. ಖಣಿ ಉಸಾಬರಿ ಯಾಕ? ಚಿಂಚೋಳಿ ಕಾಡಿಗಿ ಬದಲಿ ಆದ್ರ ದಿನಾ ಚಿತ್ತಾಪುರಕ್ಕ ಹ್ಯಾಂಗ ಹೋಗ್ತೀರಿ?”

ಡಾಕ್ಟರ್‌ಬಾಯಿ ಅವನನ್ನು ಕೂಡಿಸಿ, ಹಾಳೆಗಳನ್ನು ಕೊಟ್ಟು, ಓದಲು ಹೇಳಿದರು. ನಾನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಪಕ್ಕಡದ ಸಾಲು ಬಂದಾಗ ಅವನು ಬೆರಳಿಟ್ಟ.

“ಇದೊಂದು ತೆಗೀರಿ. ಉಳಿದದ್ದು ಇರ್ಲಿ.”

“ಸುಳ್ಳಿದ್ರ ಈಗೇ ಹೊಡೀತೀನಿ. ಪಕ್ಕಡ ತೋರಸ್ರಿ.”

“ಅದ… ಗೋದಾಮಿನಾಗ ಇರಬೇಕು.”

“ಗುಮಾಸ್ತರೇ, ಟಾಂಗಾ ಕರೀರಿ. ಗೋದಾಮಿಗಿ ಹೋಗಮಿ.” ಕೋಟು ಬಿಚ್ಚಿ ಮೊಳೆಗೆ ಹಾಕಿಯೇಬಿಟ್ಟರು. ಮುಕ್ಕಾದಮ ಎದ್ದು ಹೋದ. ಆ ಸಂಜೆಯೇ ವಿವರಣೆ ಅಂಚೆಗೆ ಬಿತ್ತು.

ಹಲ್ಲಿಗಿಂತ ಮೊದಲು ಪಕ್ಕಡ ಬಂತು. ಆರು ಮಂದಿಗೆ ಆರು, ಎಣ್ಣೆ ಕಾಗದದಲ್ಲಿ ಸುತ್ತಿದ್ದು. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಆದರೆ ಮೇಲಿನ ಕಚೇರಿಯಿಂದ ಅರ್ಜಿಗಳು ಮತ್ತೆ ತಿರುಗಿ ಬಂದವು: ‘ಖಣಿಯಲ್ಲಿ ಇಕ್ಕಳಗಳು ಇರುವುದಾಗಿ ವರದಿಯಿದೆ. ಆದ್ದರಿಂದ ವಿವರಣೆ ಅಸಂಗತ.’ ನನಗೆ ಅಳು ಬರುವ ಹಾಗಾಯಿತು. ಅವರು ಮಾತ್ರ, ರೊಟ್ಟಿ ಸುಡುವಾಗ ಒಲೆ ಆರಿದರೆ ಮತ್ತೆ ಊದುವವರ ಹಾಗೆ, ಹೊಸ ಹಾಳೆ ಏರಿಸಲು ಹೇಳಿದರು. ‘ಇಕ್ಕಳಗಳಿರುವುದು ನಿಜ, ನಾನೂ ನೋಡಿದ್ದೇನೆ, ಸಂತೋಷ. ಇಕ್ಕಳ ಹೊಸದು, ಕಚ್ಚು ಹಳೆಯದು. ಇನ್ನು ಮೇಲೆ ಕಚ್ಚು ಆಳವಾಗದಿದ್ದರೆ ಮೊದಲಿನದು ಎಲ್ಲಿಂದ ಬಂದದ್ದೆಂದು ತಮಗೇ ತಿಳಿಯುವುದು. ಅಳತೆ ತೆಗೆದು ಕಳಿಸುತ್ತಿರುತ್ತೇನೆ.’ ಕಳಿಸುತ್ತಲೇ ಇದ್ದರು. ಮಳೆಗಾಲ ಕಳೆದು ಜೋಳ ಬಿತ್ತುವ ಹೊತ್ತಿಗೆ ಐವರಿಗೆ ಮಂಜೂರಾಯಿತು.

ಖಾಜಾಸಾಬರದು ಆಗಲಿಲ್ಲ. ‘ಇವರು ನಿವೃತ್ತಿಯ ಅಂಚಿನಲ್ಲಿದ್ದಾರೆ. ಕೆಲಸಕ್ಕೆ ಹಲ್ಲಿನ ಅಗತ್ಯ ಉಳಿದಿಲ್ಲ’ ಎಂಬ ಷರಾ. ಅಷ್ಟರಲ್ಲಿ ಆ ಹಲ್ಲು ಸೀಳಿತ್ತು. ಡಾಕ್ಟರ್‌ಬಾಯಿ ಹೇಳಿದ್ದ ಹಾಗೆಯೇ, ಸುಳಿವು ಕೊಡದೆ, ಅನ್ನ ಉಣ್ಣುವಾಗ. ಖಾಜಾಸಾಬರು, “ಸಾಕು ಬಿಡು ಬೇಟಿ, ನನ್ನ ಹುಡುಗರಿಗಿ ಸಿಕ್ಕದಲ್ಲ” ಅಂದರು. ಡಾಕ್ಟರ್‌ಬಾಯಿ ಬಿಡಲಿಲ್ಲ. ಅವರು ಬರೆಸಿದ ವಿವರಣೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಅದು, ಎರಡೇ ಸಾಲು: ‘ಈ ಹಲ್ಲು ಖಣಿಯ ಕೆಲಸದಲ್ಲಿ ಖರ್ಚಾಗಿದೆ. ನಿವೃತ್ತಿಯ ಮರುದಿನವೂ ಈ ಮನುಷ್ಯ ಊಟ ಮಾಡುತ್ತಾನೆ.’ ಉತ್ತರ ಬರಲಿಲ್ಲ. ಅದನ್ನೇ ಮತ್ತೆ ಟೈಪ್ ಮಾಡಿಸಿ ಕಳಿಸಿದರು. ಒಂದು ಅಕ್ಷರ ಬದಲಿಸದೆ, ಪ್ರತಿ ತಿಂಗಳ ಮೊದಲ ಸೋಮವಾರ. ನಾನು ಬೇಸರಪಟ್ಟರೆ, “ಅವರಿಗಿ ಓದಲಿಕ್ಕ ಬೇಸರ ಆಗೂ ತನಕಾ ನಮಗ ಬರಿಲಿಕ್ಕ ಬೇಸರ ಆಗಬಾರದು” ಅನ್ನುತ್ತಿದ್ದರು.

ಮಂಜೂರಾತಿ ಬಂದಾಗ ಖಾಜಾಸಾಬರು ಕೆಲಸ ಬಿಟ್ಟಾಗಿತ್ತು. ಸೀಳಿದ ಹಲ್ಲನ್ನು ಕಿತ್ತು, ಗಾಯ ಮಾಗಿಸಿ, ಪಕ್ಕದ ಹಲ್ಲುಗಳ ಆಧಾರದ ಮೇಲೆ ಹೊಸದನ್ನು ಕೂಡಿಸಿದರು. ಕೂಡಿಸಿದ ದಿನ ನಾನು ನನ್ನ ಮೇಜು ಬಿಟ್ಟು ಬಾಗಿಲಲ್ಲಿ ನಿಂತಿದ್ದೆ. ಹೊಸ ಹಲ್ಲು ಎಲ್ಲಿ ಎತ್ತರವಾಗಿದೆ ಎಂದು ತಿಳಿಯಲು ಒಂದು ನೀಲಿ ಕಾಗದದ ಪಟ್ಟಿಯನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸುತ್ತಾರೆ. ಡಾಕ್ಟರ್‌ಬಾಯಿ ಪಟ್ಟಿ ಇಟ್ಟು, “ಕಚ್ಚರಿ ಚಾಚಾ” ಅಂದರು.

ಖಾಜಾಸಾಬರು ಕಚ್ಚಲಿಲ್ಲ. ಬಾಯಿ ತೆರೆದೇ ಕುಳಿತರು. ಜನ್ಮವಿಡೀ ಸಾವನ್ನು ಹಲ್ಲಿನ ನಡುವೆ ಇಟ್ಟುಕೊಂಡು ನಗುತ್ತಿದ್ದ ಮನುಷ್ಯ. ಎರಡೂ ಕೈಯಿಂದ ಕುರ್ಚಿ ಹಿಡಿದಿದ್ದರು. ಇಷ್ಟು ವರ್ಷದ ಹೆದರಿಕೆಯೆಲ್ಲ ಆ ಹೊತ್ತಿಗಾಗಿ ಕಾದು ಕುಳಿತಿತ್ತೇನೋ.

ಡಾಕ್ಟರ್‌ಬಾಯಿ ಅವಸರ ಮಾಡಲಿಲ್ಲ. ಪಟ್ಟಿಯನ್ನು ಹೊರಗೆ ತೆಗೆದು, ತಮ್ಮ ಬಾಯಿಗಿಟ್ಟು ಕಚ್ಚಿ, ನೀಲಿ ಹತ್ತಿದ ಹಲ್ಲನ್ನು ಅವರಿಗೆ ತೋರಿಸಿದರು. ಆಮೇಲೆ ಹೊಸದೊಂದು ಪಟ್ಟಿ ಹರಿದು ಅವರ ಹಲ್ಲಿನ ನಡುವೆ ಇಟ್ಟು ಹೇಳಿದರು:

“ಕಾಗದ ಅದ ಚಾಚಾ. ಕಚ್ಚರಿ.”

ಖಾಜಾಸಾಬರು ಕಣ್ಣು ಮುಚ್ಚಿ ಕಚ್ಚಿದರು.